ಪೆಟ್ಟು ತಿಂದವರಿಗೆ ಮೊದಲೇ "ಏನಾಯ್ತು ಹೇಳಿ" ಅಂತ ಕೇಳಬೇಕಾ? ದಾವಣಗೆರೆಯ ಟ್ರೈನಿ ಥೆರಪಿಸ್ಟ್ ಒಬ್ಬಳ ಪ್ರಶ್ನೆ

ಹೊಳೆದಂಡೆ_ಹುಡುಗಿ:
ನಮಸ್ಕಾರ ಎಲ್ಲರಿಗೂ. ನಾನು ಹರಿಹರದವಳು. ಸೈಕಾಲಜಿ ಎಂ.ಎಸ್ಸಿ. ಮುಗಿಸಿ ದಾವಣಗೆರೆಯ ಒಂದು ಕೌನ್ಸೆಲಿಂಗ್ ಸೆಂಟರ್‌ನಲ್ಲಿ ಟ್ರೈನಿ ಆಗಿದ್ದೇನೆ. ಒಬ್ಬ ಸೀನಿಯರ್ ಮೇಡಂ ಕೈಕೆಳಗೆ ಕೆಲಸ. ವಾರಕ್ಕೊಮ್ಮೆ ಅವರ ಹತ್ತಿರ ಕೂತು ಎಲ್ಲ ಕೇಸೂ ಒಪ್ಪಿಸಬೇಕು.

ಬರುವವರಲ್ಲಿ ಬಹಳ ಜನ ಯಾವುದೋ ದೊಡ್ಡ ಪೆಟ್ಟು ತಿಂದವರು. ಹೈವೇ ಆಕ್ಸಿಡೆಂಟ್, ಬೆಂಕಿ ಅವಘಡ, ಮನೆಯೊಳಗಿನ ಹೊಡೆತ, ಚಿಕ್ಕಂದಿನಲ್ಲಿ ಆಗಬಾರದ್ದು ಆಗಿದ್ದು. ಆದರೆ "ನನಗೆ ಟ್ರಾಮಾ ಆಗಿದೆ" ಅಂತ ಯಾರೂ ಬರಲ್ಲ. ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತೆ, ಕುಕ್ಕರ್ ಕೂಗಿದರೂ ಬೆಚ್ಚಿ ಬೀಳ್ತೀನಿ, ಮಕ್ಕಳ ಮೇಲೆ ಸುಮ್‌ಸುಮ್ನೆ ರೇಗ್ತೀನಿ ಅಂತ ಬರುತ್ತಾರೆ. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ನುಂಗಿ ಸಾಕಾಗಿ ಬಂದವರೂ ಇದ್ದಾರೆ.

ನನ್ನ ರೀತಿ ಹೀಗೆ. ಮೊದಲ ಕೆಲವು ಭೇಟಿಗಳಲ್ಲಿ ಘಟನೆಯನ್ನು ಕೆದಕುವುದಿಲ್ಲ. ನಿದ್ದೆ, ಊಟ, ಮನೆಯಲ್ಲಿ ಯಾರಿದ್ದಾರೆ, ಈಗ ಇರುವ ಜಾಗ ಸುರಕ್ಷಿತವಾ, ಇಷ್ಟೇ ಕೇಳುವುದು. ಬಾಗಿಲ ಹತ್ತಿರದ ಕುರ್ಚಿ ಅವರಿಗೆ ಬಿಡುತ್ತೇನೆ. ಬಾಗಿಲಿಗೂ ಅವರಿಗೂ ಮಧ್ಯೆ ನಾನು ಕೂರಲ್ಲ. ಕೈ ಎತ್ತಿದರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತೆ ಅಂತ ಮೊದಲೇ ಹೇಳಿರುತ್ತೇನೆ.

ತಕರಾರು ಮನೆಯವರದ್ದು. ಒಬ್ಬರು, "ನೀವು ಏನೂ ಕೇಳ್ತಾನೇ ಇಲ್ವಲ್ಲ ಮೇಡಂ, ಒಂದ್ಸಲ ಎಲ್ಲಾ ಬಾಯಿ ಬಿಡಿಸಿಬಿಡಿ, ಅತ್ತು ಹಗುರ ಆಗ್ಲಿ" ಅನ್ನುತ್ತಾರೆ. ಅದೇ ಮನೆಯ ಇನ್ನೊಬ್ಬರು, "ಅದನ್ನ ನೆನಪು ಮಾಡಿಸಲೇಬೇಡಿ, ಮರೆಸಿಬಿಡಿ" ಅನ್ನುತ್ತಾರೆ. ನಾನು ಎರಡನ್ನೂ ಮಾಡದೆ ಇದ್ದೀನಲ್ಲ, ಅದಕ್ಕೆ ಇಬ್ಬರಿಗೂ ಸಮಾಧಾನ ಇಲ್ಲ. ನಿಮ್ಮ ಅನುಭವದಲ್ಲಿ ಏನು ನಡೆದಿದೆ? ಈ ಕ್ಷೇತ್ರದವರೂ ಹೇಳಿ, ಆ ಕಡೆ ಕುರ್ಚಿಯಲ್ಲಿ ಕೂತವರೂ ಹೇಳಿ. ನನ್ನ ಹತ್ತಿರ ಬರುವವರ ವಿವರ ಮಾತ್ರ ಕೇಳಬೇಡಿ, ಹಾಕಲ್ಲ.

ಕೋಟೆಹುಡುಗ:
ಸಿಂಪಲ್ ಅಲ್ವಾ? ಒಳಗೆ ಇಟ್ಕೊಂಡಷ್ಟೂ ಕೊಳೆಯುತ್ತೆ. ಹೇಳಿಸಿ ಮುಗಿಸಿ. ದುಡ್ಡು ಕೊಟ್ಟು ಬಂದವರು ನಿದ್ದೆ ಊಟದ ಮಾತಿಗೆ ಬಂದಿರಲ್ಲ.

ಬೆಣ್ಣೆ_ಖಾಲಿ:
ದಾವಣಗೆರೆಯಲ್ಲಿ ಊಟದ ಮಾತಿಗೂ ದುಡ್ಡು ಕೊಟ್ಟು ಬರುತ್ತಾರೆ ಗುರುವೇ.

ಮನೋವಾರ್ಡ್_ಪಿಜಿ:
ನಾನು ಸೈಕಿಯಾಟ್ರಿ ಎಂ.ಡಿ. ಓದುತ್ತಿದ್ದೇನೆ. ಕೋಟೆಹುಡುಗ ಅವರ ಮಾತು ತುಂಬಾ ಜನರ ಮಾತು. ವೈದ್ಯಲೋಕವೂ ಒಂದು ಕಾಲಕ್ಕೆ ಅದನ್ನೇ ನಂಬಿತ್ತು. 1980ರ ದಶಕದಲ್ಲಿ ಅಮೆರಿಕದಲ್ಲಿ ಅಗ್ನಿಶಾಮಕದವರಿಗೆ, ಆಂಬುಲೆನ್ಸ್‌ನವರಿಗೆ ಅಂತ ಡೀಬ್ರೀಫಿಂಗ್ ಶುರು ಮಾಡಿದರು. ಅವಘಡ ಆದ ಕೆಲವೇ ದಿನದಲ್ಲಿ ಎಲ್ಲರನ್ನೂ ಕೂರಿಸಿ, ಏನು ನೋಡಿದೆ, ಏನು ಅನ್ನಿಸಿತು ಅಂತ ಒಂದೇ ಸಲಕ್ಕೆ ಹೇಳಿಸುವುದು. ಕೇಳೋಕೆ ಚೆನ್ನಾಗಿತ್ತು, ಬೇಗ ಹಬ್ಬಿತು. ಆಮೇಲೆ ಪರೀಕ್ಷೆ ಮಾಡಿ ನೋಡಿದರೆ, ಒಂದೇ ಭೇಟಿಯ ಆ ಹೇಳಿಕೆಯಿಂದ ಪಿಟಿಎಸ್‌ಡಿ (ಪೆಟ್ಟಿನ ನೆನಪು ಬಿಡದೆ ಕಾಡುವ ಕಾಯಿಲೆ) ತಪ್ಪಲಿಲ್ಲ. ಕೆಲವರಿಗೆ ಜಾಸ್ತಿಯೇ ಆಯಿತು. ಈಗ ಮಾರ್ಗಸೂಚಿಗಳು ಅದು ಬೇಡ ಅನ್ನುತ್ತವೆ.

ಅದರ ಬದಲು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಗೆ ಕೈಪಿಡಿ ತಂದಿತು. ಅದರ ಸಾರ ಮೂರು ಕೆಲಸ: ನೋಡು, ಕೇಳಿಸಿಕೋ, ನೆರವಿಗೆ ಜೋಡಿಸು. ಕೇಳಿಸಿಕೋ ಅಂದರೆ ಅವರು ಹೇಳಿದ್ದಕ್ಕೆ ಕಿವಿ ಕೊಡು ಅಂತ. ಅವರ ಬಾಯಿಂದ ಹೊರಡಿಸು ಅಂತ ಅಲ್ಲ.

ಕೋಟೆಹುಡುಗ:
ಹಾಗಾದ್ರೆ ಯಾವತ್ತೂ ಹೇಳಿಸಲೇಬಾರದಾ? ನೀವೇ ಮಾತಿನ ಚಿಕಿತ್ಸೆ ಅಂತೀರಿ, ಮಾತು ಬೇಡ ಅಂತೀರಿ.

ಮನೋವಾರ್ಡ್_ಪಿಜಿ:
ಹಾಗಲ್ಲ ಸರ್. ಪಿಟಿಎಸ್‌ಡಿ ಆಗಿ ನಿಂತವರಿಗೆ ಆ ನೆನಪಿನ ಜೊತೆಗೇ ಕೆಲಸ ಮಾಡುವ ಚಿಕಿತ್ಸೆಗಳೇ ಚೆನ್ನಾಗಿ ಕೆಲಸ ಮಾಡುವುದು. ಟ್ರಾಮಾ ಮೇಲೆ ಗಮನ ಇಡುವ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ), ಕಣ್ಣಿನ ಚಲನೆ ಬಳಸುವ ಇಎಂಡಿಆರ್, ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದೆ. ಅಲ್ಲಿ ಘಟನೆ ಬರುತ್ತೆ, ವಿವರವಾಗಿಯೇ ಬರುತ್ತೆ. ಆದರೆ ತರಬೇತಿ ಆದವರ ಕೈಯಲ್ಲಿ, ಕ್ಲೈಂಟ್ ಒಪ್ಪಿದ ಮೇಲೆ, ಹಂತ ಹಂತವಾಗಿ. ಮರೆಸಿಬಿಡಿ ಅನ್ನುವ ಮಾವನೂ ತಪ್ಪು, ಇವತ್ತೇ ಹೇಳಿಸಿ ಅನ್ನುವ ಅತ್ತೆಯೂ ತಪ್ಪು.

ಪಿಬಿ_ರೋಡ್:
ಅತ್ತೆ ಮಾವ ಅಂತ ಅವರು ಎಲ್ಲೂ ಹೇಳಿಲ್ಲ ಡಾಕ್ಟ್ರೇ. ನಿಮ್ಮ ಮನೆ ಕಥೆ ತರಬೇಡಿ.

ಹದಿನಾರು_ಚಕ್ರ:
ನಾನು ಆ ಕಡೆ ಕುರ್ಚಿಯಲ್ಲಿ ಕೂತವನು. ಲಾರಿ ಓಡಿಸ್ತಿದ್ದೆ. ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಬರುವಾಗ ರಾತ್ರಿ ಆಕ್ಸಿಡೆಂಟ್. ನನ್ನ ಜೊತೆ ಇದ್ದ ಕ್ಲೀನರ್ ಹುಡುಗ ಉಳಿಯಲಿಲ್ಲ.

ಹೇಳಿಸಿ ಹೇಳಿಸಿ ಅನ್ನುವವರಿಗೆ ಒಂದು ಮಾತು. ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ? ಸ್ಟೇಷನ್ನಿನಲ್ಲಿ, ಆಸ್ಪತ್ರೆಯಲ್ಲಿ, ಇನ್ಶೂರೆನ್ಸಿನವರಿಗೆ, ಮಾಲೀಕರಿಗೆ, ವಕೀಲರಿಗೆ. ಆಮೇಲೆ ಮೂಸಂಬಿ ಹಿಡಕೊಂಡು ನೋಡಕ್ಕೆ ಬಂದ ಒಬ್ಬೊಬ್ಬ ನೆಂಟರಿಗೂ. "ಹೆಂಗಾಯ್ತಪ್ಪಾ?" ಅಂತ ಶುರು ಮಾಡೋರು. ಹೇಳಿದ ದಿನ ರಾತ್ರಿ ನಿದ್ದೆ ಇಲ್ಲ. ಹೇಳಿದರೆ ಹಗುರ ಆಗುವುದಾದರೆ ನಾನು ಆ ತಿಂಗಳೇ ಗಾಳಿಯಲ್ಲಿ ಹಾರಬೇಕಿತ್ತು.

ಕೊನೆಗೆ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಅವರು ಆಕ್ಸಿಡೆಂಟ್ ಬಗ್ಗೆ ಕೇಳಲೇ ಇಲ್ಲ. "ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ? ಎಚ್ಚರ ಆದಾಗ ಏನು ಮಾಡ್ತೀರಿ?" ಅಂತ ಕೇಳಿದರು. ಬೀಡಿ ಸೇದ್ತೀನಿ ಅಂದೆ. "ಸರಿ, ಸೇದುವ ಮೊದಲು ಎದ್ದು ಮುಖಕ್ಕೆ ತಣ್ಣೀರು ಹಾಕ್ಕೊಳ್ಳಿ, ಮನೇಲಿ ಕಾಣೋ ಐದು ಸಾಮಾನಿನ ಹೆಸರು ಬಾಯಿಬಿಟ್ಟು ಹೇಳಿ" ಅಂದರು. ಹುಚ್ಚು ಅನ್ನಿಸ್ತು. ಕೊಡ, ಕ್ಯಾಲೆಂಡರು, ಚಪ್ಪಲಿ, ಸ್ವಿಚ್ಚು, ಮಗಳ ಬ್ಯಾಗು ಅಂತ ಹೇಳಿದೆ. ಏನೋ ಒಂದು, ಮನೇಲಿದೀನಿ ಅನ್ನೋದು ತಲೆಗೆ ಬಂತು.

ಬಹಳ ದಿನ ಆದಮೇಲೆ ನಾನೇ ಶುರು ಮಾಡಿದೆ, ಆ ರಾತ್ರಿ ಏನಾಯ್ತು ಅಂತ. ಆ ಹುಡುಗ ಕೊನೆಗೆ ಏನು ಮಾತಾಡಿದ ಅನ್ನೋದು ಯಾರಿಗೂ ಹೇಳಿರಲಿಲ್ಲ. ಅದನ್ನ ಅವರಿಗೆ ಹೇಳಿದೆ.

ಹೊಳೆದಂಡೆ_ಹುಡುಗಿ:
ಅಣ್ಣಾ, ಇದನ್ನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಈಗ ಗಾಡಿ ಓಡಿಸ್ತೀರಾ? ಹೇಳಬೇಕು ಅನ್ನಿಸಿದರೆ ಮಾತ್ರ ಹೇಳಿ.

ಹದಿನಾರು_ಚಕ್ರ:
ಓಡಿಸ್ತೀನಿ ತಂಗಿ, ಲಾರಿ ಅಲ್ಲ, ಟಾಟಾ ಏಸ್. ಊರೊಳಗೆ ಮಾತ್ರ. ಮೊದಲು ನಿಂತ ಗಾಡಿಯಲ್ಲಿ ಸುಮ್ನೆ ಕೂತ್ಕೊಳ್ಳೋದು. ಆಮೇಲೆ ಇಂಜಿನ್ ಆನ್ ಮಾಡಿ ಕೂತ್ಕೊಳ್ಳೋದು. ಆಮೇಲೆ ಹಗಲು ಹೊತ್ತು ಪಕ್ಕದ ಸೀಟು. ಎಲ್ಲಾ ಅವರೇ ಬರೆದು ಕೊಟ್ಟಿದ್ದರು. ಹೈವೇಗೆ ಹಗಲು ಹೋಗ್ತೀನಿ. ರಾತ್ರಿ ಇನ್ನೂ ಇಲ್ಲ. ಬೇಕಾಗಿಯೂ ಇಲ್ಲ.

ನಿವೃತ್ತ_ಸಿಸ್ಟರ್:
ಸುಟ್ಟ ಗಾಯದ ವಾರ್ಡಿನಲ್ಲಿ ಬಹಳ ವರ್ಷ ಇದ್ದೆ. ಡ್ರೆಸ್ಸಿಂಗ್ ಬಿಚ್ಚುವ ಮೊದಲು ಉಪ್ಪುನೀರು ಹಾಕಿ ನೆನೆಸಬೇಕು. ಅವಸರದಲ್ಲಿ ಕಿತ್ತರೆ ಹೊಸ ಚರ್ಮವೂ ಕಿತ್ತು ಬರುತ್ತೆ. ಬಿಚ್ಚದೇ ಬಿಟ್ಟರೆ ಒಳಗೆ ಕೀವು. ಹುಡುಗಿ ಮಾಡುತ್ತಿರುವುದು ನೆನೆಸುವ ಕೆಲಸ. ಮನೆಯವರಿಗೆ ಇದನ್ನೇ ಹೇಳಮ್ಮ, ಅರ್ಥ ಆಗುತ್ತೆ.

ಇನ್ನೊಂದು. ನಿಮ್ಮ ಸೆಂಟರಿನ ಗೋಡೆ ಎಂಥದ್ದು? ನಾನು ನೋಡಿದ ಒಂದು ಕಡೆ ಪ್ಲೈವುಡ್ ಪಾರ್ಟಿಷನ್. ಆ ಕಡೆ ಫೀಸ್ ಕಟ್ಟುವವರು, ಈ ಕಡೆ ಅಳುವವರು. ಒಳಗೆ ಮಾತಾಡಿದ್ದೆಲ್ಲ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಕೇಳುತ್ತಿತ್ತು. ಅಂಥ ಕಡೆ ಯಾರು ಬಾಯಿ ಬಿಡ್ತಾರೆ?

ಹೊಳೆದಂಡೆ_ಹುಡುಗಿ:
ಸಿಸ್ಟರ್, ನಮ್ಮದೂ ಹೆಚ್ಚುಕಮ್ಮಿ ಅದೇ. ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ಬಾಗಿಲ ಹೊರಗೆ ಫ್ಯಾನ್ ಜೋರಾಗಿ ಹಾಕಿಡುತ್ತೇವೆ, ಮಾತು ಹೊರಗೆ ಹೋಗದಿರಲಿ ಅಂತ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಊರು ಚಿಕ್ಕದು. ಬಂದವರು ಮೊದಲು ಕೇಳುವುದೇ "ನೀವು ಯಾರ ಪೈಕಿ?" ಅಂತ. ಅವರ ಸಂಬಂಧಿಕರು ನಮ್ಮ ರಿಸೆಪ್ಷನ್ ಹುಡುಗಿಗೆ ಪರಿಚಯ ಇರುತ್ತಾರೆ. ಈಗ ಹೆಸರು ಕೂಗುವುದು ನಿಲ್ಲಿಸಿದ್ದೇವೆ, ಟೋಕನ್ ನಂಬರ್ ಅಷ್ಟೇ. ಹೊರಗೆ ಮಂಡಿಪೇಟೆಯಲ್ಲಿ ಸಿಕ್ಕರೆ ನಾನಾಗಿ ಮಾತಾಡಿಸಲ್ಲ, ನೀವು ನಕ್ಕರೆ ನಗ್ತೀನಿ, ಇಲ್ಲಾಂದ್ರೆ ಗುರುತಿಲ್ಲ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ಅದನ್ನ ಕೇಳಿದ ತಕ್ಷಣ ಎಷ್ಟೋ ಜನರ ಭುಜ ಕೆಳಗಿಳಿಯುತ್ತೆ.

ಬೆಣ್ಣೆ_ಖಾಲಿ:
ಮಂಡಿಪೇಟೆಯಲ್ಲಿ ಯಾರನ್ನೂ ಮಾತಾಡಿಸದೆ ದಾಟಿದವರು ಇತಿಹಾಸದಲ್ಲೇ ಇಲ್ಲ.

ವಕೀಲ_ಹೊಳಲ್ಕೆರೆ:
ಗುಟ್ಟು ಕಾಪಾಡುವ ವಿಷಯ ಬಂತಲ್ಲ, ಒಂದು ಎಚ್ಚರಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ರೋಗಿಯ ಮಾಹಿತಿ ಗೌಪ್ಯ. ಸರಿ. ಆದರೆ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಎಲ್ಲರಿಗೂ ಅನ್ವಯ. ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ 21ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಟ್ರೈನಿ ಅಂತ ರಿಯಾಯಿತಿ ಇಲ್ಲ.

ಕೋಟೆಹುಡುಗ:
ಇದೊಳ್ಳೆ ಕಥೆ. ಗುಟ್ಟು ಅಂತ ನಂಬಿಸಿ ಹೇಳಿಸಿ, ಆಮೇಲೆ ಸ್ಟೇಷನ್ನಿಗೆ ಫೋನ್ ಮಾಡೋದಾ? ಇನ್ನು ಯಾರು ಬರ್ತಾರೆ ನಿಮ್ಮ ಹತ್ತಿರ?

ವಕೀಲ_ಹೊಳಲ್ಕೆರೆ:
ಮಗು ಇನ್ನೂ ಅದೇ ಮನೆಯಲ್ಲಿದ್ದರೆ? ನಿಮ್ಮ ನಂಬಿಕೆ ಮುಖ್ಯಾನೋ ಮಗು ಮುಖ್ಯಾನೋ?

ಹೊಳೆದಂಡೆ_ಹುಡುಗಿ:
ಇಬ್ಬರೂ ಜಗಳ ಮಾಡಬೇಡಿ. ಇದಕ್ಕೆ ದಾರಿ ಇದೆ. ಹೇಳಿದ ಮೇಲೆ ತಿಳಿಸುವುದಲ್ಲ, ಹೇಳುವ ಮೊದಲೇ ತಿಳಿಸುವುದು. ಮೊದಲ ಭೇಟಿಯಲ್ಲೇ ಹೇಳ್ತೀನಿ: ಇಲ್ಲಿ ಮಾತಾಡಿದ್ದು ನಾನು ಮತ್ತು ನನ್ನ ಸೂಪರ್‌ವೈಸರ್ ಮಧ್ಯೆ ಇರುತ್ತೆ. ನಿಮ್ಮ ಜೀವಕ್ಕೆ ಅಪಾಯ, ಬೇರೆಯವರ ಜೀವಕ್ಕೆ ಅಪಾಯ, ಅಥವಾ ಮಗುವಿನ ಮೇಲೆ ದೌರ್ಜನ್ಯ ಅಂತ ಬಂದರೆ ಮಾತ್ರ ಸುಮ್ಮನಿರಕ್ಕಾಗಲ್ಲ. ಆಗಲೂ ನಿಮಗೆ ಹೇಳಿಯೇ ಮುಂದೆ ಹೋಗ್ತೀನಿ. ಇಷ್ಟು ಗೊತ್ತಿದ್ದರೆ ಎಷ್ಟು ಹೇಳಬೇಕು ಅನ್ನೋದು ಅವರ ಕೈಯಲ್ಲಿರುತ್ತೆ. ಮೊದಲೇ ಕೆದಕದಿರೋಕೆ ಇದೂ ಒಂದು ಕಾರಣ.

ಮಿಲ್_ಸೈರನ್:
ಕ್ಷಮಿಸಿ, ನನಗೆ ಇದೆಲ್ಲ ಅತಿ ಅನ್ನಿಸುತ್ತೆ. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ದುಡಿದವರು. ಮಿಲ್ ಮುಚ್ಚಿದಾಗ ಮನೆಮನೆಗೂ ಪೆಟ್ಟು ಬಿತ್ತು. ಕುಡಿದು ಸತ್ತವರಿದ್ದಾರೆ, ಊರು ಬಿಟ್ಟವರಿದ್ದಾರೆ. ಯಾರಿಗೆ ಥೆರಪಿ ಕೊಡಿಸಿದರು? ಎಲ್ಲರೂ ಎದ್ದು ನಿಂತರು. ಕೆಲವರು ಮಂಡಕ್ಕಿ ಭಟ್ಟಿಗೆ ಹೋದರು, ಕೆಲವರು ದೋಸೆ ಗಾಡಿ ಹಾಕಿದರು. ಈಗಿನವರಿಗೆ ಏನಾದರೂ ಟ್ರಾಮಾ.

ನಿವೃತ್ತ_ಸಿಸ್ಟರ್:
"ಕುಡಿದು ಸತ್ತವರಿದ್ದಾರೆ" ಅಂತ ನೀವೇ ಬರೆದು, ಮುಂದಿನ ಸಾಲಲ್ಲೇ "ಎಲ್ಲರೂ ಎದ್ದು ನಿಂತರು" ಅಂತೀರಲ್ಲಪ್ಪಾ.

ಮಿಲ್_ಸೈರನ್:
ಸಿಸ್ಟರ್ ಹೇಳಿದ್ದು ಸರಿ ಇರಬಹುದು. ಆದರೂ ಎಲ್ಲದಕ್ಕೂ ಕಾಯಿಲೆ ಹೆಸರು ಇಡೋದು ನನಗೆ ಹಿಡಿಸಲ್ಲ.

ಮನೋವಾರ್ಡ್_ಪಿಜಿ:
ಅದರಲ್ಲಿ ನಿಮ್ಮ ಜೊತೆ ಅರ್ಧ ಒಪ್ತೀನಿ. ದೊಡ್ಡ ಪೆಟ್ಟು ಬಿದ್ದವರಲ್ಲಿ ಹೆಚ್ಚಿನವರು ಮನೆಯವರ ಆಸರೆ, ನಿದ್ದೆ, ದಿನದ ಕೆಲಸ ಇವುಗಳಿಂದಲೇ ಚೇತರಿಸಿಕೊಳ್ಳುತ್ತಾರೆ. ಮೊದಲ ವಾರಗಳಲ್ಲಿ ಬೆಚ್ಚಿಬೀಳುವುದು, ಕೆಟ್ಟ ಕನಸು, ಅಳು ಕಾಯಿಲೆ ಅಲ್ಲ. ಒಂದು ತಿಂಗಳು ದಾಟಿದರೂ ಬಿಡದೆ, ಕೆಲಸ ಸಂಸಾರ ಎರಡೂ ಕೆಟ್ಟರೆ ಆಗ ಪಿಟಿಎಸ್‌ಡಿ ಯೋಚನೆ ಮಾಡುತ್ತೇವೆ. ಈ ಹೆಸರು ಅಮೆರಿಕದವರ ಮನೋರೋಗ ಪಟ್ಟಿಯ ಪುಸ್ತಕಕ್ಕೆ ಬಂದಿದ್ದೇ 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಒತ್ತಾಯದಿಂದ. ವರ್ಷಗಟ್ಟಲೆ ಹಿಂಸೆ ಉಂಡವರಿಗೆ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಬೇರೆ ಹೆಸರು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿದೆ, 2022ರಿಂದ ಜಾರಿ.

ಶೇಂಗಾ_ಚಳ್ಳಕೆರೆ:
ನಮ್ಮ ಕಡೆಯ ವಿಷಯ ಹೇಳ್ತೀನಿ. ಮಳೆ ಕೈಕೊಟ್ಟು, ಶೇಂಗಾ ಹೋಗಿ, ಸಾಲ ಏರಿ ಜೀವ ಕಳಕೊಂಡ ರೈತರ ಮನೆಗಳು. ಟಿವಿಯವರು ಹೆಂಡತಿ ಮುಂದೆ ಮೈಕ್ ಹಿಡೀತಾರೆ. ಅಧಿಕಾರಿಗಳು ಪರಿಹಾರದ ಕಾಗದಕ್ಕೆ ಕೇಳ್ತಾರೆ. ಅಪ್ಪನನ್ನ ಮೊದಲು ನೋಡಿದ ಹುಡುಗನ್ನ ಯಾರೂ ಕೇಳಲ್ಲ. ತಿಥಿ ದಿನ ಅವನ ತಲೆಗೆ ಟವೆಲ್ ಸುತ್ತಿ "ಇನ್ಮೇಲೆ ನೀನೇ ಗಂಡಸು, ಅಳಬಾರದು" ಅಂತಾರೆ. ಒಂದು ಹುಡುಗ ಗೊತ್ತು ನನಗೆ. ಹಿತ್ತಲ ಕಡೆ ಹೋಗಲ್ಲ. ಶಾಲೆಯಲ್ಲಿ ಮೇಷ್ಟ್ರು ಸೋಮಾರಿ ಅಂತಾರೆ. ಇಂಥವನಿಗೆ ಏನು ಮಾಡ್ತೀರಿ ಮೇಡಂ?

ಹೊಳೆದಂಡೆ_ಹುಡುಗಿ:
ಆ ಹುಡುಗನನ್ನು ನೋಡದೆ ನಾನು ಇಲ್ಲಿ ಏನೂ ಹೇಳಬಾರದು ಅಣ್ಣಾ. ಸಾಮಾನ್ಯವಾಗಿ ಮಕ್ಕಳ ಜೊತೆ ಮಾತಿಗಿಂತ ಮೊದಲು ದಿನಚರಿ. ಯಾವ ಹೊತ್ತಿಗೆ ಊಟ, ಯಾರ ಪಕ್ಕ ಮಲಗೋದು, ಶಾಲೆಗೆ ಯಾರ ಜೊತೆ ಹೋಗೋದು. ಮಕ್ಕಳು ಬಹಳ ಸಲ ಒಂದು ಪ್ರಶ್ನೆ ಒಳಗೆ ಇಟ್ಟುಕೊಂಡಿರುತ್ತಾರೆ, "ನನ್ನಿಂದ ಆಯ್ತಾ?" ಅಂತ. ಮಗು ಅದನ್ನ ಬಾಯಿಬಿಟ್ಟು ಕೇಳಲಿ ಬಿಡಲಿ, ನಿನ್ನಿಂದ ಆಗಿದ್ದಲ್ಲ ಅಂತ ಮನೆಯ ಒಬ್ಬ ದೊಡ್ಡವರು ಹೇಳಬೇಕು. ಆ ಮೇಷ್ಟ್ರಿಗೆ ವಿಷಯ ತಿಳಿಸಿ, ಅಮ್ಮನ ಒಪ್ಪಿಗೆ ಕೇಳಿ. ಸೋಮಾರಿ ಅನ್ನುವುದು ನಿಂತರೆ ಅದೇ ದೊಡ್ಡ ಕೆಲಸ. ಆಮೇಲೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ.

ಆಶಾ_ಜಗಳೂರು:
ಮೇಡಂ, ಬೆಂಗಳೂರಿನವರ ವಿಡಿಯೋ ನೋಡ್ತೀನಿ, ಮೊದಲು ಸುರಕ್ಷತೆ ಅಂತಾರೆ. ನನ್ನ ಏರಿಯಾದಲ್ಲಿ ಒಬ್ಬಾಕೆಗೆ ಹೊಡೆಯುವವನೇ ಗಂಡ. ಸೆಂಟರಿಗೆ ಕರ್ಕೊಂಡು ಬರೋದೂ ಅವನೇ. ಬಸ್ ಚಾರ್ಜ್ ಕೊಡೋದೂ ಅವನೇ ಆಗಿತ್ತು, ಈಗ ಶಕ್ತಿ ಯೋಜನೆ ಬಂದಮೇಲೆ ಅದೊಂದು ತಪ್ಪಿದೆ. ಐವತ್ತು ನಿಮಿಷ ನಿಮ್ಮ ರೂಮಲ್ಲಿ ಸುರಕ್ಷಿತ, ಆಮೇಲೆ ಅದೇ ಮನೆಗೆ. ಅವಳಿಗೆ ಉಸಿರಾಟ ಹೇಳಿಕೊಟ್ಟು ಏನು ಪ್ರಯೋಜನ?

ಹೊಳೆದಂಡೆ_ಹುಡುಗಿ:
ಅಕ್ಕಾ, ಇದೇ ಪ್ರಶ್ನೆಗೆ ನಮ್ಮ ಮೇಡಂ ನನ್ನನ್ನ ಬಹಳ ಹೊತ್ತು ಕೂರಿಸಿದ್ದರು. ಹೊಡೆತ ಇನ್ನೂ ನಡೀತಿರೋ ಮನೆಯಲ್ಲಿ ಬೆಚ್ಚಿ ಬೀಳೋದು ಕಾಯಿಲೆ ಅಲ್ಲ, ಅವಳ ಮೈ ಅವಳನ್ನ ಕಾಯ್ತಾ ಇದೆ. ಅಲ್ಲಿ ಹಳೇ ನೆನಪಿನ ಕೆಲಸ ಶುರು ಮಾಡಲ್ಲ. ಪ್ಲ್ಯಾನ್ ಮಾಡ್ತೀವಿ. ಆಧಾರ್, ರೇಷನ್ ಕಾರ್ಡ್, ಮಕ್ಕಳ ಕಾಗದ, ಸ್ವಲ್ಪ ದುಡ್ಡು ಯಾರ ಮನೇಲಿ ಇಡಬಹುದು? ಯಾವ ಪಕ್ಕದ ಮನೆಯವರಿಗೆ ಕೂಗಿದರೆ ಬರ್ತಾರೆ? ಜಗಳ ಶುರುವಾದರೆ ಅಡುಗೆಮನೆ ಕಡೆ ಹೋಗಬೇಡಿ, ಅಲ್ಲಿ ಕತ್ತಿ, ಬೆಂಕಿ ಇರುತ್ತೆ, ಹೊರಬಾಗಿಲ ಕಡೆ ಸರೀರಿ. 181 ಮಹಿಳಾ ಸಹಾಯವಾಣಿ, 112 ಪೊಲೀಸ್. ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ತಾತ್ಕಾಲಿಕವಾಗಿ ಉಳಿಯಬಹುದು, ವೈದ್ಯರು, ಕಾನೂನು ನೆರವು ಅಲ್ಲೇ ಸಿಗುತ್ತೆ, ಕಾಸು ಇಲ್ಲ.

ಗಂಡ ಜೊತೆಗೆ ಬಂದರೆ ಅವನ ಮುಂದೆ ಈ ಯಾವ ಮಾತೂ ಇಲ್ಲ. ಚೀಟಿ ಕೊಟ್ಟು ಕಳಿಸಲ್ಲ, ಮನೇಲಿ ಸಿಕ್ಕರೆ ಅದಕ್ಕೇ ಹೊಡೆತ. ನಂಬರ್‌ಗಳನ್ನ ಬಾಯಿಪಾಠ ಮಾಡಿಸ್ತೀವಿ.

ಆಶಾ_ಜಗಳೂರು:
ಚೀಟಿ ವಿಷಯ ಸರಿಯಾಗಿ ಹೇಳಿದ್ರಿ. ಫೋನೂ ಅವನೇ ನೋಡ್ತಾನೆ. ಸಾಂತ್ವನ ಕೇಂದ್ರದವರು ನನ್ನ ನಂಬರಿಗೆ ಮಾಡಲಿ ಅಂತ ನಾನೇ ಹೇಳಿಟ್ಟಿದೀನಿ. ತಾಯಿ ಕಾರ್ಡ್ ನೋಡಕ್ಕೆ ಬಂದೆ ಅಂತ ಹೋಗಿ ಮಾತಾಡಿ ಬರ್ತೀನಿ.

ಪಿಬಿ_ರೋಡ್:
ಆಶಾ ಅಕ್ಕನಿಗೆ ಥೆರಪಿಸ್ಟ್ ಸಂಬಳ ಕೊಡಿ ಯಾರಾದರೂ.

ಬೆಣ್ಣೆ_ಖಾಲಿ:
ಮೊದಲು ಆಶಾ ಸಂಬಳವನ್ನೇ ಟೈಮಿಗೆ ಕೊಡಲಿ.

ಉಚ್ಚಂಗಿ_ದಾರಿ:
ಜಗಳೂರು ಅಂದಾಗ ನೆನಪಾಯ್ತು. ಈ ಭಾಗದಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳ ಜೊತೆ ಕೆಲಸ ಮಾಡಿದ್ದೇನೆ. 1982ರಲ್ಲೇ ರಾಜ್ಯದಲ್ಲಿ ದೇವದಾಸಿ ನಿಷೇಧ ಕಾನೂನು ಬಂತು. ಅಪ್ಪನ ಹೆಸರಿನ ಕಾಲಂ ಮುಂದೆ ಪೆನ್ನು ಹಿಡಿದು ನಿಲ್ಲುವ ಮಕ್ಕಳು ಆಮೇಲೂ ಇದ್ದರು. ಅವರಿಗೆ ಆಗಿದ್ದು ಒಂದು ದಿನದ ಘಟನೆ ಅಲ್ಲ. ಏನಾಯ್ತು ಹೇಳು ಅಂದರೆ ಎಲ್ಲಿಂದ ಶುರು ಮಾಡಬೇಕು ಅವರು? ನಾವು ಒಟ್ಟಿಗೆ ಕೂರಿಸಿ ಹೊಲಿಗೆ ಕಲಿಸುತ್ತಿದ್ದೆವು. ಮಾತು ತಾನಾಗಿ ಬರೋದು, ಕೈ ಕೆಲಸ ಮಾಡ್ತಿರುವಾಗ, ಮುಖ ನೋಡದೆ. ಎದುರುಬದುರು ಕುರ್ಚಿ ಎಲ್ಲರಿಗೂ ಆಗಿಬರಲ್ಲ.

ಕೋಟೆಹುಡುಗ:
ಉಚ್ಚಂಗಿದುರ್ಗ ಈಗ ವಿಜಯನಗರ ಜಿಲ್ಲೆ. ದಾವಣಗೆರೆ ಲೆಕ್ಕಕ್ಕೆ ತರಬೇಡಿ. ದಾವಣಗೆರೆಯೇ 1997ರವರೆಗೆ ನಮ್ಮ ಚಿತ್ರದುರ್ಗದ್ದು.

ಪಿಬಿ_ರೋಡ್:
ಬಂತು ನೋಡಿ. ಯಾವ ವಿಷಯ ಇದ್ದರೂ ಕೋಟೆಯವರು ಅಲ್ಲಿಗೇ ಬರುತ್ತಾರೆ.

ಹೊಳೆದಂಡೆ_ಹುಡುಗಿ:
ಉಚ್ಚಂಗಿ ಅವರೇ, ಹೊಲಿಗೆ ಮಾತು ತುಂಬಾ ಇಷ್ಟ ಆಯ್ತು. ನಾನು ಮೇಜಿನ ಮೇಲೆ ಮಂಡಕ್ಕಿ ಬಟ್ಟಲು ಇಡ್ತೀನಿ. ನಗಬೇಡಿ. ತಲೆ ಎಲ್ಲೋ ಹೋಯ್ತು, ಕಣ್ಣು ಖಾಲಿ ಆಯ್ತು ಅನ್ನಿಸಿದರೆ ಒಂದೇ ಒಂದು ಕಾಳು ಬೆರಳಲ್ಲಿ ಹಿಡಿದು ನೋಡಿ ಅಂತೀನಿ. ಒರಟಾ, ನುಣುಪಾ, ಹಗುರಾ, ಒತ್ತಿದರೆ ಮುರಿಯುತ್ತಾ. ಆಮೇಲೆ ಬಾಯಿಗೆ. ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂದರೆ ಕೆಲವರಿಗೆ ಹೆದರಿಕೆ ಜಾಸ್ತಿ ಆಗುತ್ತೆ. ಕಣ್ಣು ಮುಚ್ಚಿದ ಕೂಡಲೇ ಅದೇ ಚಿತ್ರ ಬರುತ್ತೆ. ಹಾಗಾಗಿ ಕಣ್ಣು ಬಿಟ್ಟೇ, ಪಾದ ನೆಲಕ್ಕೆ ಒತ್ತಿಕೊಂಡು.

ಆದರೆ ಒಬ್ಬರಿಗೆ ಮಂಡಕ್ಕಿ ಆಗಲ್ಲ ಅಂತ ಮೊದಲೇ ತಿಳಿದುಕೊಂಡಿದ್ದೆ. ಭಟ್ಟಿ ಹೊಗೆಯ ವಾಸನೆಯೇ ಅವರಿಗೆ ತೊಂದರೆ. ಅವರಿಗೆ ನಿಂಬೆಹಣ್ಣು.

ಮಿಲ್_ಸೈರನ್:
ದಾವಣಗೆರೆಯವರಿಗೆ ಬರೀ ಮಂಡಕ್ಕಿ ಕೊಡ್ತೀರಾ? ಮಿರ್ಚಿ ಇಲ್ಲದೆ? ಅದೇ ಒಂದು ಆಘಾತ.

ನೂಲು_ತಾಯತ:
ನಮ್ಮ ಮನೆಯಲ್ಲಿ ಅಕ್ಕನಿಗೆ ಹೆದರಿಕೆ ಹೊಕ್ಕಾಗ ಮೊದಲು ದುಗ್ಗಮ್ಮನ ಗುಡಿ, ಆಮೇಲೆ ದರ್ಗಾ, ಎರಡೂ ಕಡೆ ನೂಲು ಕಟ್ಟಿಸಿದೆವು. ಕೌನ್ಸೆಲರ್ ಒಬ್ಬರು ಅದನ್ನ ನೋಡಿ ಮುಖ ಸಿಂಡರಿಸಿದರು. ಅಕ್ಕ ಮತ್ತೆ ಅಲ್ಲಿಗೆ ಹೋಗಲಿಲ್ಲ. ನೀವೂ ನಗ್ತೀರಾ ಮೇಡಂ?

ಹೊಳೆದಂಡೆ_ಹುಡುಗಿ:
ಇಲ್ಲಪ್ಪಾ. ಕೈಯಲ್ಲಿ ನೂಲು ಇದ್ದರೆ ಅದನ್ನೇ ಮುಟ್ಟಿಕೊಂಡು ಉಸಿರು ಬಿಡಿ ಅಂತ ಹೇಳಿದ್ದೂ ಇದೆ. ಗುಡಿಗೆ ಹೋದರೆ ಮನೆಯವರು ಜೊತೆಗೆ ಬರುತ್ತಾರೆ, ಕೈ ಹಿಡಿದು ಕೂರಿಸುತ್ತಾರೆ. ಅದೂ ಆಸರೆಯೇ. ನನ್ನ ಗೆರೆ ಎಲ್ಲಿ ಅಂದರೆ ಹೊಡೆಯುವುದು, ಬರೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿ ಹಾಕುವುದು.

ವಕೀಲ_ಹೊಳಲ್ಕೆರೆ:
ದೆವ್ವ ಬಿಡಿಸ್ತೀನಿ ಅಂತ ಹೊಡೆಯುವುದು ನಮ್ಮ ರಾಜ್ಯದ 2017ರ ಮಾಟಮಂತ್ರ ತಡೆ ಕಾಯ್ದೆಯಲ್ಲಿ ಅಪರಾಧ. ಗುಡಿಗೆ ಹೋಗುವುದು, ಹರಕೆ ಕಟ್ಟುವುದು ಅದರಲ್ಲಿ ಬರಲ್ಲ. ಗೊಂದಲ ಬೇಡ.

ಅನುಮಾನಪ್ಪ:
ಎಲ್ಲ ಸರಿ, ಒಂದು ಖಾರದ ಪ್ರಶ್ನೆ. ನೀವು ಟ್ರೈನಿ ಅಂತ ಕ್ಲೈಂಟಿಗೆ ಹೇಳ್ತೀರಾ? ಈಗ ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ ಟ್ರಾಮಾ ಥೆರಪಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರು ಬೇಕಾದಷ್ಟು. ನಮ್ಮ ಸಂಬಂಧಿಕರ ಹುಡುಗಿಯನ್ನ ಅಂಥ ಒಬ್ಬರು ಮೊದಲ ದಿನವೇ ಕಣ್ಣು ಮುಚ್ಚಿಸಿ ಎಲ್ಲಾ ಹೇಳಿಸಿದರು. ಅವಳು ಮನೆಗೆ ಬಂದು ಎರಡು ದಿನ ಎದ್ದಿಲ್ಲ. ಮುಂದಿನ ಅಪಾಯಿಂಟ್‌ಮೆಂಟ್ ಹದಿನೈದು ದಿನ ಬಿಟ್ಟು. ಫೋನ್ ಎತ್ತಲಿಲ್ಲ.

ಹೊಳೆದಂಡೆ_ಹುಡುಗಿ:
ಹೇಳ್ತೀನಿ. ಹೆಸರು ಹೇಳಿದ ತಕ್ಷಣದ ವಾಕ್ಯವೇ ಅದು. "ದೊಡ್ಡ ಮೇಡಂ ಬೇಕು" ಅಂದವರಿದ್ದಾರೆ, ಬೇಜಾರಿಲ್ಲದೆ ಕಳಿಸ್ತೀನಿ. ನೆನಪಿನ ಒಳಗೆ ಇಳಿಯುವ ಕೆಲಸ ನಾನು ಒಬ್ಬಳೇ ಮಾಡಲ್ಲ, ಅದಕ್ಕೆ ಬೇರೆ ತರಬೇತಿ ಬೇಕು. ಜೀವ ಕಳಕೊಳ್ಳುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳ್ತೀನಿ, ಇದ್ದರೆ ಅವತ್ತೇ ಮೇಡಂಗೆ, ಮನೋವೈದ್ಯರಿಗೆ. ಮುಗಿಸುವ ಮೊದಲು ಹತ್ತು ನಿಮಿಷ ಬರೀ ಇವತ್ತಿನ ಮಾತು. ಯಾವ ಬಸ್ಸು, ಮನೇಲಿ ಏನು ಅಡುಗೆ. ತೆರೆದ ಗಾಯದಲ್ಲಿ ಯಾರನ್ನೂ ಬಸ್ ಸ್ಟ್ಯಾಂಡಿಗೆ ಕಳಿಸಲ್ಲ.

ಮನೋವಾರ್ಡ್_ಪಿಜಿ:
ಅನುಮಾನಪ್ಪ ಅವರೇ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಂಡಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳಿ. ಕೌನ್ಸೆಲರ್ ಆದರೆ ಏನು ಓದಿದ್ದೀರಿ, ಯಾರ ಸೂಪರ್‌ವಿಷನ್, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು, ಈ ಮೂರು ಕೇಳಿ. ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂದರೆ ಎದ್ದು ಬನ್ನಿ.

ನಿವೃತ್ತ_ಸಿಸ್ಟರ್:
ಹುಡುಗಿ, ಇದನ್ನೆಲ್ಲ ಕೇಳಿ ನಿನಗೆ ನಿದ್ದೆ ಬರುತ್ತಾ?

ಹೊಳೆದಂಡೆ_ಹುಡುಗಿ:
ಕೆಲವು ದಿನ ಇಲ್ಲ ಸಿಸ್ಟರ್. ಯಾರದ್ದೋ ಮನೆಯ ಬಾಗಿಲು ಬಡಿದ ಸದ್ದು ನನಗೂ ಕೇಳಿಸಿದ ಹಾಗೆ ಆಗಿದ್ದಿದೆ. ಅದನ್ನೂ ಸೂಪರ್‌ವಿಷನ್‌ನಲ್ಲಿ ಹೇಳಬೇಕು, ಅದು ಕೆಲಸದ ಭಾಗವೇ. ಒಂದೇ ದಿನಕ್ಕೆ ಇಂಥ ಕೇಸ್ ಹಿಂದೆ ಹಿಂದೆ ಹಾಕಬೇಡ ಅಂತ ಮೇಡಂ ಷೆಡ್ಯೂಲ್ ಬದಲಿಸಿದರು.

ಕೋಟೆಹುಡುಗ:
ಸರಿ ಬಿಡಿ, ಅವಸರ ಬೇಡ ಅನ್ನೋದು ಒಪ್ಪಿದೆ. ಆದರೆ ಮನೆಯವರಿಗೆ ಎಷ್ಟು ದಿನ ಅಂತ ಒಂದು ಅಂದಾಜು ಕೊಡಿ. ದುಡಿಯುವ ಜನ, ಕೂಲಿ ಬಿಟ್ಟು ಬರುತ್ತಾರೆ.

ಹೊಳೆದಂಡೆ_ಹುಡುಗಿ:
ಇದು ನ್ಯಾಯವಾದ ಮಾತು. ಇನ್ಮೇಲೆ ಮೊದಲ ಭೇಟಿಯಲ್ಲೇ ಇಂಥ ತಿಂಗಳು ಕೂತು ಒಟ್ಟಿಗೆ ಲೆಕ್ಕ ನೋಡೋಣ, ನಿದ್ದೆ ಎಷ್ಟು ಬಂತು, ಕೆಲಸಕ್ಕೆ ಎಷ್ಟು ದಿನ ಹೋದರು ಅಂತ ಹೇಳಿಬಿಡ್ತೀನಿ. ಕ್ಲೈಂಟ್ ಒಪ್ಪಿದರೆ ಮನೆಯವರನ್ನೂ ಆವತ್ತು ಕರೀತೀನಿ.

ಹೊನ್ನಾಳಿ_ಅತ್ತಿಗೆ:
ತಡವಾಗಿ ಬಂದೆ, ಎಲ್ಲಾ ಓದಿದೆ. ನಮ್ಮ ಮೈದುನನಿಗೆ ಹೋದ ವರ್ಷ ಒಂದು ಅವಘಡ ಆದಮೇಲೆ ನಿದ್ದೆ ಇಲ್ಲ. ಮೆಡಿಕಲ್ ಶಾಪಿನಲ್ಲಿ ಒಂದು ನಿದ್ದೆ ಮಾತ್ರೆ ಕೊಟ್ಟಿದ್ದರು, ಅದನ್ನೇ ದಿನಾ ನುಂಗ್ತಾನೆ. ಈಗ ಒಂದಕ್ಕೆ ನಿದ್ದೆ ಬರಲ್ಲ ಅಂತ ಎರಡು. ಅದನ್ನ ಕಸಿದುಕೊಂಡು ಬಿಸಾಕಲಾ? ಯಾರಿಗೆ ತೋರಿಸಲಿ? ಊರಲ್ಲಿ ಗೊತ್ತಾದರೆ ಅವನ ಮದುವೆಗೆ ಕಷ್ಟ.

ಮನೋವಾರ್ಡ್_ಪಿಜಿ:
ಅಕ್ಕಾ, ಬಿಸಾಕಬೇಡಿ. ದಿನಾ ನುಂಗುವ ನಿದ್ದೆ ಮಾತ್ರೆ ಕೆಲವನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ನಿಧಾನವಾಗಿ ಇಳಿಸುತ್ತಾರೆ. ಇನ್ನೂ ಹೆಚ್ಚಿಸದಂತೆ ಮಾತ್ರ ನೋಡಿಕೊಳ್ಳಿ, ಕುಡಿತದ ಜೊತೆ ಅಂತೂ ಬೇಡವೇ ಬೇಡ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ನಿಮ್ಮ ಆಶಾ ಹತ್ತಿರ ಕೇಳಿ. ಇಲ್ಲಾಂದ್ರೆ ದಾವಣಗೆರೆ ಜಿಲ್ಲಾಸ್ಪತ್ರೆಯ ಮನೋರೋಗ ಒಪಿಡಿ. ಮಾತ್ರೆಯ ಖಾಲಿ ಪಟ್ಟಿ ತಗೊಂಡು ಬನ್ನಿ, ಹೆಸರು ಅದರಲ್ಲೇ ಇರುತ್ತೆ. ಅಷ್ಟರೊಳಗೆ ಕಷ್ಟ ಆದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಸರ್ಕಾರದ್ದು, ಹಗಲು ರಾತ್ರಿ, ದುಡ್ಡಿಲ್ಲ.

ಹೊನ್ನಾಳಿ_ಅತ್ತಿಗೆ:
ಕನ್ನಡದಲ್ಲಿ ಮಾತಾಡ್ತಾರಾ? ಹೆಸರು ಹೇಳಬೇಕಾ?

ಆಶಾ_ಜಗಳೂರು:
ಕನ್ನಡ ಇದೆ ಅಕ್ಕಾ, ಭಾಷೆ ಆರಿಸಿಕೊಳ್ಳಬೇಕು. ನಾನು ಮಾಡಿ ಕೊಟ್ಟಿದೀನಿ. ಮೊದಲು ನೀವು ಮಾತಾಡಿ ನೋಡಿ, ಆಮೇಲೆ ಅವನ ಕೈಗೆ ಕೊಡಿ. ಆಸ್ಪತ್ರೆಗೆ ಬರುವುದಾದರೆ ಬೆಳಿಗ್ಗೆ ಬೇಗ ಬನ್ನಿ, ಚೀಟಿ ಸಾಲು ಉದ್ದ ಇರುತ್ತೆ.